ಚರಂಡಿ ಮೇಲಿನ ಕಲ್ಲು

ಕಲ್ಲು ಕೆತ್ತುವ ಶೆಡ್ಡಿಗೂ ಅಮ್ಮ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಕಿಟಕಿ. ಅಮ್ಮನಿಗೆ ಏನಾದರೂ ಬೇಕಾದರೆ ಚಮಚದಿಂದ ಕಿಟಕಿಯ ಸರಳಿಗೆ ಬಡಿಯಬೇಕು ಎಂದು ತೀರ್ಮಾನವಾಗಿತ್ತು. ತೊಂದರೆಯಿದ್ದದ್ದು ಕಲ್ಲು ಕೊರೆಯುವ ಗ್ರೈಂಡರಿನದು. ಅದು ತಿರುಗುತ್ತಿರುವಾಗ ಚಮಚವಲ್ಲ, ಚರ್ಚಿನ ಗಂಟೆ ಬಡಿದರೂ ಕೇಳುವುದಿಲ್ಲ. ಹಾಗಾಗಿ ಕಲ್ಲಕ್ಕ ಒಂದು ಸಾಲು ಕೆತ್ತಿ ಮುಗಿಸುವಷ್ಟರಲ್ಲಿ ಹಲವು ಸಲ ಮಿಷಿನ್ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸದ್ದು ಕೇಳಿದರೆ ಒಂದು ಬಗೆಯ ಭಯ, ಕೇಳದಿದ್ದರೆ ಇನ್ನೊಂದು ಬಗೆಯದು. ಸದ್ದಿಲ್ಲದ ಹೊತ್ತು ತುಸು ಉದ್ದವಾಯಿತೆನಿಸಿದರೆ ಎದ್ದು ಹೋಗಿ ಕಿಟಕಿಯಲ್ಲಿ ಇಣುಕುವಳು.

"ಇದ್ದೀನಿ ಕಣೇ, ಮಿಷಿನ್ ಹಾಕು," ಎನ್ನುತ್ತಿದ್ದಳು ಅಮ್ಮ, ಕಣ್ಣು ತೆರೆಯದೆ.

ಕಲ್ಲಕ್ಕ ಎನ್ನುವುದು ಊರು ಇಟ್ಟ ಹೆಸರು. ಅಪ್ಪ ಸಮಾಧಿ ಕಲ್ಲುಗಳಿಗೆ ಅಕ್ಷರ ಕೆತ್ತುತ್ತಿದ್ದರು, ಅವರಪ್ಪನೂ ಅದನ್ನೇ ಮಾಡಿದವರು. ಅಪ್ಪನ ಕೈ ನಡುಗತೊಡಗಿದಾಗ ಮಗಳು ಉಳಿ ಹಿಡಿದಳು, ಮತ್ತೆ ಬಿಡಲಿಲ್ಲ. ಅಪ್ಪ ಕೆತ್ತಿದ ಅಕ್ಷರಗಳಿಗೆ ಬಣ್ಣ ತುಂಬುವುದು ಮೊದಲಿನಿಂದಲೂ ಅಮ್ಮನ ಕೆಲಸ. ತೆಳ್ಳನೆಯ ಕುಂಚ ಹಿಡಿದು ಕಲ್ಲಿನ ಮೇಲೆ ಬಗ್ಗಿ ಕೂತರೆ ಊಟದ ನೆನಪಿರುತ್ತಿರಲಿಲ್ಲ. ಈಗ ಎರಡು ತಲೆದಿಂಬು ಒರಗಿಸಿಕೊಂಡು ಕೂರುವುದೇ ದಣಿವು. ಹೃದಯ ಸೋತಿದೆ, ಆಸ್ಪತ್ರೆಯಲ್ಲಿ ಇಟ್ಟುಕೊಂಡು ನಾವು ಹೊಸದಾಗಿ ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಎಷ್ಟು ದಿನ ಎಂದು ಕಲ್ಲಕ್ಕ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅಮ್ಮ ಕೇಳಿದ್ದು ಒಂದೇ. ಅಪ್ಪನ ಪಕ್ಕ ಮಲಗಿಸಬೇಕು.

ಆ ಜಾಗ ಸಿದ್ಧವಾಗಿಯೇ ಇತ್ತು. ಅಪ್ಪ ಬದುಕಿದ್ದಾಗ ತಮ್ಮ ಕೈಯಾರೆ ಒಂದು ಜೋಡಿ ಕಲ್ಲು ಮಾಡಿಟ್ಟಿದ್ದರು. ಬಲಗಡೆ ಅವರ ಹೆಸರು, ಎಡಗಡೆ ನುಣುಪಾಗಿ ಉಜ್ಜಿದ ಖಾಲಿ ಜಾಗ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಆಗಾಗ ಒದ್ದೆ ಬಟ್ಟೆ ಹಿಡಿದು ಹೊರಡುತ್ತಿದ್ದಳು. ಎಲ್ಲಿಗೆ ಎಂದರೆ, "ನನ್ನ ಸೈಟ್ ನೋಡ್ಕೊಂಡು ಬರ್ತೀನಿ" ಎಂಬ ಉತ್ತರ. ಅಪ್ಪನ ಅರ್ಧವನ್ನು ಒಂದು ಸಲ ಒರೆಸಿದರೆ ತನ್ನ ಅರ್ಧವನ್ನು ಎರಡು ಸಲ ಒರೆಸುತ್ತಿದ್ದಳು.

ಅದು ಮಿಷನ್ನಿನವರು ಕಟ್ಟಿದ ಊರು. ಒಂದು ಚರ್ಚು, ಒಂದು ಶಾಲೆ, ಒಂದೇ ಅಳತೆಯ ಕಿಟಕಿಗಳಿರುವ ಮನೆಗಳ ಎರಡು ಸಾಲು. ಹಳೆಯ ಸಮಾಧಿ ಆವರಣ ಚರ್ಚಿನ ಬೆನ್ನಿಗೇ ಇದೆ. ಊರವರ ಬಾಯಲ್ಲಿ ಅದು ಹಿತ್ತಲು. ಯಾರಾದರೂ ತೀರಿಕೊಂಡರೆ "ಹಿತ್ತಲಿಗೆ ಹೋದರು" ಎನ್ನುವುದೇ ರೂಢಿ. ಹಿತ್ತಲು ತುಂಬುತ್ತ ಬಂದಾಗ ಚರ್ಚಿನ ಸಮಿತಿ ಬೈಪಾಸ್ ರಸ್ತೆಯ ಆಚೆ, ಲಾರಿ ಸ್ಟ್ಯಾಂಡಿನ ಪಕ್ಕ, ಹೊಸ ಜಾಗ ತೆಗೆದುಕೊಂಡಿತು. ಹೋದ ವರ್ಷ ಒಂದು ನಿಯಮವನ್ನೂ ಮಾಡಿತು. ಇನ್ನು ಮುಂದೆ ಹಿತ್ತಲಲ್ಲಿ ಜಾಗ ಕೊಡುವುದು ಊರು ಸ್ಥಾಪನೆಯಾದ ವರ್ಷ ಇಲ್ಲಿದ್ದ ಮನೆತನಗಳವರಿಗೆ ಮಾತ್ರ. ಉಳಿದವರೆಲ್ಲ ಹೊಸ ಜಾಗಕ್ಕೆ.

ಆಗ ಯಾರೂ ತಕರಾರು ತೆಗೆಯಲಿಲ್ಲ. ಸ್ಥಾಪನೆಯ ವರ್ಷ 1832 ಎಂದು ಚರ್ಚಿನ ಬಾಗಿಲ ಪಕ್ಕದ ಕಲ್ಲೇ ಹೇಳುತ್ತಿತ್ತು. ಆ ವರ್ಷ ಇಲ್ಲಿ ಹನ್ನೊಂದು ಮನೆತನಗಳಿದ್ದವು. ಕಲ್ಲಕ್ಕನ ಮನೆತನ ಅವುಗಳಲ್ಲೊಂದು. ಚರ್ಚಿಗೆ ಕಲ್ಲು ಕಡಿಯಲೆಂದು 1830ರಲ್ಲಿ ಮಿಷನ್ನಿನವರು ಬೇರೆ ಕಡೆಯಿಂದ ಕರೆತಂದವರು ಇವರು. ಈ ಮಾತನ್ನು ಮನೆಯವರು ತಲೆತಲಾಂತರದಿಂದ ಹೆಮ್ಮೆಯಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದರು. ಈಗ ನಾವು ಇನ್ನೂ ಮೊದಲೇ ಬಂದಿದ್ದೆವು ಎನ್ನುವ ಹಾಗಿರಲಿಲ್ಲ.

1832 ತಪ್ಪು ಎನ್ನುತ್ತಿದ್ದವರು ಊರಿಗೆಲ್ಲ ಒಬ್ಬರೇ, ನಿವೃತ್ತ ಚರಿತ್ರೆ ಮೇಷ್ಟ್ರು. ಅವರ ಪ್ರಕಾರ ಮೊದಲ ಮಿಷನರಿ ನಾಲ್ಕು ಮನೆತನಗಳನ್ನು ಕಟ್ಟಿಕೊಂಡು ಒರತೆಯ ಪಕ್ಕ ಡೇರೆ ಹಾಕಿದ್ದು 1825ರಲ್ಲಿ. ಚರ್ಚು ಎದ್ದದ್ದು ಏಳು ವರ್ಷದ ನಂತರ. "ಚರ್ಚ್ ಕಟ್ಟಿದ ದಿನ ಊರು ಹುಟ್ಟಿತು ಅನ್ನೋದು, ಸುಣ್ಣ ಹೊಡೆಸಿದ ದಿನ ಮನೆ ಕಟ್ಟಿದ್ವಿ ಅಂದ ಹಾಗೆ," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಕೈಯಲ್ಲಿ ಗಟ್ಟಿ ಪುರಾವೆ ಇರಲಿಲ್ಲ. ಊರು ಅವರಿಗೆ ಇಪ್ಪತ್ತೈದರ ಮೇಷ್ಟ್ರು ಎಂದು ಹೆಸರಿಟ್ಟು ಸುಮ್ಮನಾಗಿತ್ತು.

ಶಾಲೆಯ ಹಿಂದಿನ ಚರಂಡಿ ಕಟ್ಟಿಕೊಂಡು, ಅದರ ಮೇಲಿನ ಚಪ್ಪಡಿಗಳನ್ನು ಎತ್ತಿಸಿದಾಗ ಪುರಾವೆ ಸಿಕ್ಕಿತು. ಒಂದು ಚಪ್ಪಡಿಯ ಕೆಳಮೈಯಲ್ಲಿ ಅಕ್ಷರಗಳಿದ್ದವು. ಕೆಸರು ತೊಳೆದಾಗ ಯಾರು ಬೇಕಾದರೂ ಓದಬಹುದಿತ್ತು: "ದೇವರ ಕೃಪೆಯಿಂದ ಈ ಊರಿಗೆ ನೆಲೆ ಹಾಕಿದ್ದು." ಕೆಳಗೆ 1825.

ಮರುದಿನವೇ ಆ ಕಲ್ಲು ಕಲ್ಲಕ್ಕನ ಶೆಡ್ಡಿಗೆ ಬಂತು. ಜೊತೆಯಲ್ಲಿ ಪಾದ್ರಿಗಳು ಬಂದರು. ಊರಿಗೆ ಬಂದು ಇನ್ನೂ ಹೆಚ್ಚು ದಿನವಾಗದ, ಎಲ್ಲರೊಂದಿಗೂ ಚೆನ್ನಾಗಿರಲು ಹೆಣಗುತ್ತಿದ್ದ ಮನುಷ್ಯ. ಹಿಂದೆಯೇ ಅಣ್ಣ ಬಂದ. ಅಣ್ಣ ಎಂದರೆ ದೊಡ್ಡಪ್ಪನ ಮಗ, ಟೈಲ್ಸ್ ಅಂಗಡಿ ಇಟ್ಟವನು, ಚರ್ಚಿನ ಸಮಿತಿಯಲ್ಲೂ ಇದ್ದವನು.

"ನೋಡಮ್ಮ," ಎಂದರು ಪಾದ್ರಿಗಳು, "ಓದೋದಕ್ಕೆ ಕಷ್ಟವೇನಿಲ್ಲ. ಇದು ಎಲ್ಲಾದ್ರೂ ನಿಂತಿದ್ದ ಕಲ್ಲಾ, ಅಥವಾ ಕೆತ್ತುವಾಗಲೇ ಕೆಟ್ಟುಹೋಗಿ ಬಿಸಾಕಿದ್ದಾ ಅನ್ನೋದು ಪ್ರಶ್ನೆ. ಮೇಷ್ಟ್ರು ನಿಂತಿತ್ತು ಅಂತಾರೆ. ನಿಮ್ಮಣ್ಣ ಕೆಟ್ಟ ಕಲ್ಲು ಅಂತಾರೆ. ಅದನ್ನ ಹೇಳೋರು ಇಲ್ಲಿ ನೀವೊಬ್ರೇ. ಭಾನುವಾರ ಸಭೆ ಇದೆ."

"ಆಯ್ತು, ನೋಡ್ತೀನಿ," ಎಂದಳು ಕಲ್ಲಕ್ಕ.

ಪಾದ್ರಿಗಳು ಹೊರಟರೂ ಅಣ್ಣ ಹೊರಡಲಿಲ್ಲ. ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಚಿಕ್ಕಮ್ಮ ಹೇಗಿದಾರೆ?"

"ಹಾಗೇ ಇದಾಳೆ."

"ಇಪ್ಪತ್ತೈದು ಅಂತ ಆದ್ರೆ ನಾಲ್ಕು ಮನೆತನ ಬಿಟ್ಟು ಮಿಕ್ಕೋರೆಲ್ಲ ಔಟು. ನಾವೂ ಔಟು. ಗೊತ್ತಲ್ಲ?"

"ಗೊತ್ತು."

"ಗೊತ್ತಿದ್ರೆ ಸರಿ. ಚರಂಡಿ ಮೇಲೆ ಬಿದ್ದಿತ್ತು ಅಂದ್ರೆ ಕೆಟ್ಟ ಕಲ್ಲೇ ಅಲ್ವಾ? ಒಳ್ಳೇ ಕಲ್ಲನ್ನ ಯಾರಾದ್ರೂ ಚರಂಡಿಗೆ ಹಾಕ್ತಾರಾ? ಕೆಟ್ಟ ಕಲ್ಲು ಅಂದ್ಬಿಡು. ಎರಡೇ ಮಾತು. ನೀನು ಅಂದ ಮೇಲೆ ಮಾತಾಡೋರು ಯಾರು?"

"ನೋಡಿ ಹೇಳ್ತೀನಿ ಅಣ್ಣ."

"ನೋಡು, ನೋಡು. ಆದ್ರೆ ತೀರಾ ಕಣ್ಣು ಹಾಕಿ ನೋಡ್ಬೇಡ."

ಅಣ್ಣ ಹೇಳಿದ್ದರಲ್ಲಿ ಹುರುಳಿತ್ತು. ಈ ಊರಿನ ಕಲ್ಲುಕೆಲಸದಲ್ಲಿ ಕೆಟ್ಟ ಕಲ್ಲನ್ನು ಎಸೆಯುವ ಪದ್ಧತಿಯೇ ಇಲ್ಲ. ಅಕ್ಷರ ತಪ್ಪಿದರೆ, ಮೂಲೆ ಮುರಿದರೆ, ತಿರುಗಿಸಿ ಹಾಕುವುದು. ಅದು ಮೆಟ್ಟಿಲಾಗುತ್ತದೆ, ಚರಂಡಿಯ ಮುಚ್ಚಳವಾಗುತ್ತದೆ. ಕಲ್ಲಕ್ಕನ ಮನೆಯ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಯಾರೋ ಸಾಹುಕಾರರಿದ್ದಾರೆ. ಅಪ್ಪ ಹುಡುಗಾಟದ ವಯಸ್ಸಿನಲ್ಲಿ ಹುಟ್ಟಿದ ವರ್ಷದ ಜಾಗದಲ್ಲಿ ಸತ್ತ ವರ್ಷ, ಸತ್ತ ವರ್ಷದ ಜಾಗದಲ್ಲಿ ಹುಟ್ಟಿದ ವರ್ಷ ಕೆತ್ತಿದ ಕಲ್ಲು ಅದು. "ಹುಟ್ಟೋಕೆ ಮುಂಚೇನೇ ಸತ್ತ ಪುಣ್ಯಾತ್ಮ," ಎಂದು ಅಮ್ಮ ಸೋಪು ಹಚ್ಚುವಾಗೆಲ್ಲ ನೆನೆಯುತ್ತಿದ್ದಳು.

ಕೆಟ್ಟ ಕಲ್ಲನ್ನು ಗುರುತಿಸುವುದೂ ಸುಲಭ. ಮೊದಲು ಅಕ್ಷರ, ಆಮೇಲೆ ಸುತ್ತಲಿನ ಅಂಚುಪಟ್ಟಿ, ಎಲ್ಲಕ್ಕಿಂತ ಕೊನೆಗೆ ಬಣ್ಣ. ಈ ಕ್ರಮ ಎಂದೂ ಬದಲಾಗಿಲ್ಲ. ತಪ್ಪಾಗುವುದೆಲ್ಲ ಅಕ್ಷರದಲ್ಲೇ, ಹಾಗಾಗಿ ಅಕ್ಷರ ಸರಿಯಾಗಿ ಮುಗಿಯುವ ತನಕ ಅಂಚಿಗೆ ಯಾರೂ ಕೈ ಹಾಕುವುದಿಲ್ಲ. ಅಂಚಿಲ್ಲದ ಕಲ್ಲು ಎಂದರೆ ಅರ್ಧಕ್ಕೇ ಬಿಟ್ಟ ಕಲ್ಲು.

ಈ ಕಲ್ಲಿಗೆ ಅಂಚಿರಲಿಲ್ಲ.

ಕಲ್ಲಕ್ಕ ನಾಲ್ಕೂ ಬದಿಗೆ ಬೆರಳಾಡಿಸಿದಳು. ಇಲ್ಲ. ಬಗ್ಗಿ, ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಳು. ಅಕ್ಷರಗಳು ಕಲ್ಲಿನ ಕೊನೆಯವರೆಗೂ ಬಂದು ಅಲ್ಲೇ ನಿಂತಿದ್ದವು. ಕೆಟ್ಟ ಕಲ್ಲೇ. ಸುಳ್ಳು ಹೇಳುವ ಅಗತ್ಯವೇ ಇಲ್ಲ, ಇದ್ದದ್ದನ್ನು ಹೇಳಿದರೆ ಸಾಕು. ಆ ಸಂಜೆ ಅಮ್ಮನಿಗೆ ಗಂಜಿ ಕುಡಿಸುವಾಗ ಅವಳಿಗೆ ತಾನಾಗಿಯೇ ನಗು ಬಂತು. ಅಮ್ಮ ಅದನ್ನು ಗಮನಿಸಿ, "ಏನೇ, ಲಾಟರಿ ಹೊಡೀತಾ?" ಎಂದು ಕೇಳಿದಳು.

ಬೆಳಿಗ್ಗೆ ಕಲ್ಲನ್ನು ಪೂರ್ತಿ ತೊಳೆಯಲು ಕೂತಾಗ ಆ ನೆಮ್ಮದಿ ಉಳಿಯಲಿಲ್ಲ. ಅಕ್ಷರಗಳು ಕಲ್ಲಿನ ಕೊನೆಯವರೆಗೂ ಏಕೆ ಬಂದಿವೆ? ಯಾವ ಕೆತ್ತುವವನೂ ಅಂಚಿಗೆ ಜಾಗ ಬಿಡದೆ ಅಕ್ಷರ ಶುರುಮಾಡುವುದಿಲ್ಲ. ಅವಳು ಕಲ್ಲಿನ ಬದಿಗಳನ್ನು ನೋಡಿದಳು. ಮುಖದ ಮೇಲೆ ಸಣ್ಣ ಉಳಿಯ ಗುರುತು, ಬದಿಗಳಲ್ಲಿ ದಪ್ಪ ಉಳಿಯ ಒರಟು ಪೆಟ್ಟು. ಎರಡೂ ಒಂದೇ ಕೈಯಲ್ಲ. ಕಲ್ಲು ದೊಡ್ಡದಿತ್ತು, ಚರಂಡಿಯ ಅಗಲಕ್ಕೆ ಹೊಂದಿಸಲು ಆಮೇಲೆ ಯಾರೋ ಸುತ್ತ ಒಡೆದಿದ್ದಾರೆ. ಕೆಳಗಿನ ಎಡ ಮೂಲೆಯಲ್ಲಿ ಗಾರೆ ಮೆತ್ತಿಕೊಂಡಿತ್ತು. ಅವಳು ಅದನ್ನು ಚೂರುಚೂರಾಗಿ ಎಬ್ಬಿಸಿದಳು. ಅದರಡಿಯಲ್ಲಿ, ಹೆಬ್ಬೆರಳಿನಷ್ಟು ಉದ್ದಕ್ಕೆ, ಎರಡು ಗೆರೆಯ ಅಂಚುಪಟ್ಟಿ ಉಳಿದಿತ್ತು.

ಅಂಚಿತ್ತು. ಆದರೂ ಅವಳು ಸೋಲೊಪ್ಪಲಿಲ್ಲ. ಅಂಚು ಹೊಡೆದ ಮೇಲೂ ಕಲ್ಲು ಕೆಡಬಹುದು. ಸಾಗಿಸುವಾಗ ಬೀಳಬಹುದು. ಬಣ್ಣ ತುಂಬಿದ್ದರೆ ಮಾತ್ರ ಮಾತು ಮುಗಿಯಿತು. ಅವಳು ಒಂದೊಂದೇ ಅಕ್ಷರದ ಗುಂಡಿಗೆ ಭೂತಗನ್ನಡಿ ಹಿಡಿಯುತ್ತ ಹೋದಳು. ಮೊದಲ ಸಾಲಿನಲ್ಲಿ ಕೆಸರು. ಎರಡನೆಯದರಲ್ಲೂ ಕೆಸರು. ವರ್ಷದ ಎಂಟರ ಕೆಳಗಿನ ಸುತ್ತಿನಲ್ಲಿ, ಆಳದಲ್ಲಿ, ಸಾಸಿವೆ ಕಾಳಿನಷ್ಟು ಕೆಂಪು.

ಅವಳು ಭೂತಗನ್ನಡಿ ಕೆಳಗಿಟ್ಟಳು. ಗೋಡೆಯ ಮೊಳೆಗೆ ತಂತಿ ಬ್ರಷ್ ನೇತುಹಾಕಿತ್ತು. ಕೆಸರು ತೆಗೆಯಲು ದಿನವೂ ಬಳಸುವ ಬ್ರಷ್ಷೇ. ಎರಡು ಸಲ ಉಜ್ಜಿದರೆ ಸಾಕು, ಕೆಂಪು ಹೋಗುತ್ತದೆ. ಕಲ್ಲು ತೊಳೆಯಿರಿ ಎಂದು ಸಮಿತಿಯೇ ಕೊಟ್ಟಿದೆ. ತೊಳೆಯುವಾಗ ಹೋಯಿತು ಎಂದೂ ಹೇಳಬೇಕಿಲ್ಲ, ಏಕೆಂದರೆ ಇತ್ತೆಂದು ಯಾರಿಗೂ ಗೊತ್ತಿಲ್ಲ. ಅವಳು ಬ್ರಷ್ ತೆಗೆದುಕೊಂಡಳು. ಅದರ ಹಿಡಿಗೆ ಸುತ್ತಿದ್ದ ಬಟ್ಟೆ ಅಪ್ಪನ ಹಳೆಯ ಅಂಗಿಯದು.

ಕಿಟಕಿಯ ಸರಳು ಟಣ್ಣೆಂದಿತು.

ಬ್ರಷ್ ಹಿಡಿದುಕೊಂಡೇ ಓಡಿದಳು. ಅಮ್ಮ ದಿಂಬಿಗೆ ಒರಗಿ ಕೂತಿದ್ದಳು, ತುಟಿ ಒಣಗಿತ್ತು, ಅಷ್ಟೆ.

"ಮಿಷಿನ್ ಸದ್ದಿಲ್ಲ, ಸುತ್ತಿಗೆ ಸದ್ದಿಲ್ಲ. ನಿನಗೇ ಏನಾದ್ರೂ ಆಯ್ತಾ ಅಂತ ಬಡಿದೆ," ಎಂದಳು ಅಮ್ಮ. ನೀರು ಕುಡಿದು ಮಗಳ ಕೈಯನ್ನು ನೋಡಿದಳು. "ಆ ಚರಂಡಿ ಕಲ್ಲಾ?"

"ಹೂಂ."

"ಬಣ್ಣ ಇದ್ಯಾ?"

ಜೀವಮಾನವೆಲ್ಲ ಬಣ್ಣ ತುಂಬಿದವಳು ಕೇಳಬಹುದಾದ ಮೊದಲ ಪ್ರಶ್ನೆ ಅದು. ಕಲ್ಲಕ್ಕ ಅದನ್ನು ನಿರೀಕ್ಷಿಸಿರಲಿಲ್ಲ.

"ಇನ್ನೂ ನೋಡಿಲ್ಲ," ಎಂದಳು.

ಅಮ್ಮ ಲೋಟ ವಾಪಸು ಕೊಟ್ಟಳು. ಕಲ್ಲಕ್ಕ ಬಾಗಿಲು ದಾಟುವಾಗ ಹಿಂದಿನಿಂದ ಅಮ್ಮನ ದನಿ ಬಂತು. "ಸಣ್ಣವಳಿದ್ದಾಗ್ಲೂ ಹಾಗೇ. ಸುಳ್ಳು ಹೇಳೋವಾಗ ಕಾಲುಬೆರಳು ನೋಡ್ಕೋತಿದ್ದೆ."

ಶೆಡ್ಡಿಗೆ ಬಂದು ಕಲ್ಲಕ್ಕ ಬ್ರಷ್ ಅನ್ನು ಮೊಳೆಗೆ ಸಿಕ್ಕಿಸಿದಳು. ಮತ್ತೆ ತೆಗೆದಳು, ಮತ್ತೆ ಸಿಕ್ಕಿಸಿದಳು. ಕೊನೆಗೆ ಕಲ್ಲಿನ ಮೇಲೆ ಒಂದು ಗೋಣಿಚೀಲ ಹೊದಿಸಿ, ಊರು ಸ್ಥಾಪನೆಯಾದ ನೆನಪಿಗೆಂದು ಸಮಿತಿ ಮಾಡಿಸುತ್ತಿದ್ದ ಸ್ಮಾರಕ ಫಲಕದ ಕೆಲಸಕ್ಕೆ ಕೂತಳು. ಆ ಫಲಕದಲ್ಲಿ ವರ್ಷ ಮತ್ತು ಕೊನೆಯ ಒಂದು ಸಾಲಿನ ಹೊರತು ಉಳಿದದ್ದೆಲ್ಲ ಆಗಲೇ ಕೆತ್ತಿಯಾಗಿತ್ತು. ವರ್ಷ ತೀರ್ಮಾನವಾಗುವ ತನಕ ಅದಕ್ಕೂ ಅಂಚು ಹೊಡೆಯುವಂತಿರಲಿಲ್ಲ. ಅಂದು ಅವಳ ಉಳಿ ಎರಡು ಸಲ ಜಾರಿತು.

ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆ ಸೇರಿದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಅಮ್ಮನ ಬಳಿ ಪಕ್ಕದ ಮನೆಯ ಟೀಚರನ್ನು ಕೂರಿಸಿ ಬಂದಿದ್ದ ಕಲ್ಲಕ್ಕ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಖವನ್ನೇ ನೋಡುತ್ತಿದ್ದಳು. ಹೊರಡುವಾಗ ಅಮ್ಮನ ಉಸಿರು ಎಂದಿಗಿಂತ ಮೇಲೆ ಬಂದಿತ್ತು. ಅಥವಾ ಹಾಗನ್ನಿಸಿತ್ತು.

ಮೊದಲು ಅಣ್ಣ ಎದ್ದು ಮಾತಾಡಿದ. ಚರ್ಚಿನ ಬಾಗಿಲಲ್ಲಿ ನಿಂತಿರುವ ಕಲ್ಲು ದೊಡ್ಡದೋ, ಚರಂಡಿಯಲ್ಲಿ ಕವುಚಿ ಬಿದ್ದಿದ್ದ ಕಲ್ಲು ದೊಡ್ಡದೋ ಎಂದು ಕೇಳಿದ. ಕೆಲವರು ನಕ್ಕರು. ಮೇಷ್ಟ್ರು ಎದ್ದು, ಕನ್ನಡಕ ಹಾಕಿ, ತೆಗೆದು, "ನಾನು ಹೇಳೋದೆಲ್ಲ ಹೇಳಿ ಆಗಿದೆ. ಕಲ್ಲೇ ಹೇಳಲಿ," ಎಂದು ಕೂತರು.

"ಹೇಳಮ್ಮ," ಎಂದರು ಪಾದ್ರಿಗಳು.

ಕಲ್ಲಕ್ಕ ಎದ್ದಳು. ಕೆಟ್ಟ ಕಲ್ಲು. ಎರಡೇ ಮಾತು. ಅಣ್ಣ ಅವಳನ್ನೇ ನೋಡುತ್ತಿದ್ದ. ಅವಳು ಬಗ್ಗಿ ತನ್ನ ಕಾಲುಬೆರಳನ್ನು ನೋಡಿಕೊಂಡಳು, ತಕ್ಷಣ ತಲೆಯೆತ್ತಿದಳು.

"ಅಂಚು ಹೊಡೆದಿದ್ರು," ಎಂದಳು. "ಆಮೇಲೆ ಚರಂಡಿಗೆ ಅಂತ ಸುತ್ತ ಒಡೆದಿದ್ದಾರೆ, ಒಂದು ಮೂಲೇಲಿ ಉಳಿದಿದೆ. ಅಕ್ಷರದೊಳಗೆ ಬಣ್ಣ ಇದೆ. ಒಂದೇ ಒಂದು ಕಡೆ, ಆದ್ರೆ ಇದೆ. ಕೆಟ್ಟ ಕಲ್ಲಿಗೆ ಯಾರೂ ಬಣ್ಣ ತುಂಬಲ್ಲ. ಎಷ್ಟು ವರ್ಷ ನಿಂತಿತ್ತು, ಯಾಕೆ ತೆಗೆದ್ರು ನನಗೆ ಗೊತ್ತಿಲ್ಲ. ಕೆಲಸ ಮುಗಿಸಿದ ಕಲ್ಲು ಅದು. ನಿಲ್ಲಿಸೋದಕ್ಕೇ ಮಾಡಿದ್ದು. ಬೇಕಾದೋರು ಶೆಡ್ಡಿಗೆ ಬಂದು ನೋಡಬಹುದು."

ಕೋಣೆಯಲ್ಲಿ ಬೆಂಚುಗಳು ಕಿರುಗುಟ್ಟಿದವು.

"ಶಭಾಷ್," ಎಂದ ಅಣ್ಣ, ಎಲ್ಲರಿಗೂ ಕೇಳುವಂತೆ. "ಹೆತ್ತ ತಾಯಿನ ಲಾರಿ ಸ್ಟ್ಯಾಂಡ್ ಪಕ್ಕ ಮಲಗಿಸೋಕೆ ಎಷ್ಟು ಆತುರ ನೋಡಿ ಇವಳಿಗೆ."

ಅವಳು ಕೂತಳು. ಫೋನ್ ನೋಡಿದಳು, ಟೀಚರಿಂದ ಕರೆ ಬಂದಿರಲಿಲ್ಲ.

ಮತಕ್ಕೆ ಹಾಕಿದರು, 1825 ಎಂದಾಯಿತು. ಆಗ ಪಾದ್ರಿಗಳು, ಗಂಡನೋ ಹೆಂಡತಿಯೋ ಆಗಲೇ ಹಿತ್ತಲಲ್ಲಿದ್ದರೆ ಉಳಿದವರಿಗೆ ವಿನಾಯಿತಿ ಕೊಡಬಹುದೇ ಎಂದು ಕೇಳಿದರು. ಮೆಡಿಕಲ್ ಶಾಪಿನ ಯಜಮಾನರು ಎದ್ದರು. ನಾಲ್ಕು ಮನೆತನಗಳಲ್ಲಿ ಒಂದಕ್ಕೆ ಸೇರಿದವರು ಅವರು. ಅಮ್ಮನ ಮಾತ್ರೆಗಳೆಲ್ಲ ಅವರ ಅಂಗಡಿಯಿಂದಲೇ ಬರುತ್ತಿದ್ದವು.

"ನನಗೂ ಸಂಕಟ ಆಗುತ್ತೆ," ಎಂದರು ಅವರು ಮೆಲ್ಲಗೆ. "ಆದ್ರೆ ಒಬ್ಬರಿಗೆ ಕೊಟ್ರೆ ನಾಳೆ ನಲವತ್ತು ಜನ ನಿಲ್ತಾರೆ. ಉಳಿದಿರೋ ಜಾಗ ಎಷ್ಟು ಅಂತ ನಿಮಗೇ ಗೊತ್ತು."

ವಿನಾಯಿತಿ ಬಿದ್ದುಹೋಯಿತು.

ಅಂಗಳದಲ್ಲಿ ಮೇಷ್ಟ್ರು ಕಲ್ಲಕ್ಕನನ್ನು ತಡೆದರು. ಗೆದ್ದವರ ಮುಖ ಅವರದಾಗಿರಲಿಲ್ಲ. ಅವರ ಮನೆತನ ಊರಿಗೆ ಬಂದದ್ದು ಇನ್ನೂ ತಡವಾಗಿ. ಯಾವ ವರ್ಷ ಗೆದ್ದರೂ ಅವರಿಗೆ ಹಿತ್ತಲಲ್ಲಿ ಜಾಗವಿರಲಿಲ್ಲ. ಅವರ ಹೆಂಡತಿ ಆಗಲೇ ಹೊಸ ಜಾಗದಲ್ಲಿದ್ದರು.

"ನಾನು ನಿಮ್ಮಮ್ಮನ ವಿಷಯ ಯೋಚಿಸಿರಲಿಲ್ಲ ಕಣಮ್ಮ," ಎಂದರು. "ವರ್ಷದ ವಿಷಯ ಮಾತ್ರ ಯೋಚಿಸಿದ್ದೆ."

"ವರ್ಷ ಸರಿಯಾಗೇ ಇದೆಯಲ್ಲ ಮೇಷ್ಟ್ರೇ."

"ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದರು ಅವರು, ಬೇರೇನೂ ತೋಚದೆ.

ಮನೆಗೆ ನಡೆಯುವಾಗ ಅವಳ ಕಾಲು ಎರಡು ಬಗೆಯಲ್ಲಿ ಎಳೆಯಿತು. ಬೇಗ ಹೋಗಬೇಕು, ಅಮ್ಮ ಹೇಗಿದ್ದಾಳೋ. ಬೇಗ ಹೋಗಬಾರದು, ಏನೆಂದು ಹೇಳುವುದು. ಪಕ್ಕದ ಮನೆಯ ಟೀಚರ್ ಬಾಗಿಲಲ್ಲೇ ನಿಂತಿದ್ದು ಕಂಡು ಅವಳು ಹೆಜ್ಜೆ ಬಿರುಸಾಗಿಸಿದಳು. "ಏನಿಲ್ಲಕ್ಕ, ಈಗ ತಾನೇ ಕಣ್ಣು ಬಿಟ್ರು. ನನ್ನ ಬಿಂದಿಗೆ ತುಂಬ್ತಾ ಇದೆ," ಎಂದು ಟೀಚರ್ ಓಡಿದರು.

ಅಮ್ಮ ಕೇಳುವ ಮೊದಲೇ ಕಲ್ಲಕ್ಕ ಹೇಳಿಬಿಟ್ಟಳು. ಅಂಚು, ಬಣ್ಣ, ಮತ, ವಿನಾಯಿತಿ, ಅಣ್ಣನ ಮಾತು ಸಹ. ಹೇಳಿ ಮುಗಿಸಿ ಮಂಚದ ಕಾಲ ಬಳಿ ನೆಲದ ಮೇಲೆ ಕೂತಳು. ಅಮ್ಮನ ಮುಖ ನೋಡಲಾಗಲಿಲ್ಲ.

"ಯಾವ ಬಣ್ಣ?" ಎಂದಳು ಅಮ್ಮ.

"ಕೆಂಪು."

"ಕಾವಿ ಹಾಕಿರ್ತಾರೆ. ಒಳ್ಳೇ ಕಾವಿ." ಅಮ್ಮ ಮಗಳ ಕಡೆ ತಿರುಗಿದಳು. "ಅದನ್ನ ಉಜ್ಜಿ ತೆಗೀಲಿಲ್ವಲ್ಲ?"

"ಇಲ್ಲ."

"ತೆಗೀಬೇಕು ಅಂತ ಬ್ರಷ್ ಹಿಡ್ಕೊಂಡಿದ್ದೆ."

"ಹೂಂ."

"ತೆಗೆದಿದ್ರೆ ನಾನು ಅಲ್ಲಿ ಮಲಗಿ ದಿನಾ ನಿಮ್ಮಪ್ಪನ ಹತ್ರ ಬೈಸಿಕೋಬೇಕಿತ್ತು." ಅಮ್ಮ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಕಲ್ಲಕ್ಕ ಸೆರಗಿನಿಂದ ಒರೆಸಿದಳು. ಅಮ್ಮ ನಿದ್ದೆ ಹೋದಳೆಂದುಕೊಂಡು ಏಳಹೊರಟಾಗ, "ಆ ನಿಯಮ ಇನ್ನೊಂದು ಸಲ ಓದು," ಎಂಬ ದನಿ ಬಂತು.

ಸಮಿತಿ ಕಳಿಸಿದ್ದ ಪ್ರಕಟಣೆ ಕಲ್ಲಕ್ಕನ ಫೋನಿನಲ್ಲಿತ್ತು. ಓದಿದಳು.

"ಜಾಗ ಕೊಡೋದು ಯಾರಿಗೆ ಅಂತ ಇದೆ," ಎಂದಳು ಅಮ್ಮ. "ಅಲ್ಲಿಂದ ಎದ್ದು ಹೋಗೋರ ವಿಷಯ ಏನಿದೆ?"

"ಎದ್ದು ಹೋಗೋರಾ? ಹಿತ್ತಲಿಂದ ಯಾರಮ್ಮ ಎದ್ದು ಹೋಗ್ತಾರೆ?"

"ನಿಮ್ಮಪ್ಪ."

ಕಲ್ಲಕ್ಕ ಫೋನ್ ಕೆಳಗಿಟ್ಟಳು.

"ಮದುವೆ ಆದಾಗಿಂದ ಅವರು ಹೋದ ಕಡೆ ನಾನು ಹೋದೆ. ಕಲ್ಲು ಸಿಗೋ ಕಡೆ ಎಲ್ಲಾ ಅವರ ಹಿಂದೆ ಪಾತ್ರೆ ಕಟ್ಕೊಂಡು ತಿರುಗಿದೆ. ಒಂದು ಸಲ ಅವರು ನನ್ನ ಹಿಂದೆ ಬರಲಿ. ಕಷ್ಟ ಏನು? ನಡೀಬೇಕಾ?"

"ಅಲ್ಲಿ ಹಗಲು ರಾತ್ರಿ ಲಾರಿ ಸದ್ದು ಅಮ್ಮ."

"ಸುತ್ತಿಗೆ ಹೊಡೆದು ಹೊಡೆದು ನಿಮ್ಮಪ್ಪಂಗೆ ಕಿವಿ ಎಲ್ಲಿತ್ತು? ನನಗಂತೂ ನಿನ್ನ ಮಿಷಿನ್ ಪಕ್ಕ ಮಲಗಿ ಅಭ್ಯಾಸ ಆಗಿದೆ. ಮೇಷ್ಟ್ರ ಹೆಂಡ್ತಿ ಅಲ್ಲೇ ಇದಾಳಲ್ವಾ? ಮಾತಿಗೂ ಕೊರತೆ ಇಲ್ಲ." ಅಷ್ಟು ಹೇಳುವಷ್ಟರಲ್ಲಿ ಉಸಿರು ಕಟ್ಟಿತು. ಕಲ್ಲಕ್ಕ ಬೆನ್ನು ನೀವುತ್ತ, ಸಾಕು, ಮಾತಾಡಬೇಡ ಎಂದಳು. ಅಮ್ಮ ಕೈಯೆತ್ತಿ ತಡೆದಳು. "ಅರ್ಜಿ ಬರಿ. ಇವತ್ತೇ."

ಅಪ್ಪನನ್ನು ಹೊಸ ಜಾಗಕ್ಕೆ ಒಯ್ಯಲು ಬಿಡಿ ಎಂಬ ಅರ್ಜಿಯನ್ನು ಸಮಿತಿಯ ಮುಂದಿಟ್ಟಾಗ ಕಲ್ಲಕ್ಕ ಇನ್ನೊಂದು ಸುತ್ತಿನ ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದಳು. ಅಣ್ಣ, "ಸತ್ತೋರನ್ನೂ ನೆಮ್ಮದಿಯಾಗಿ ಬಿಡಲ್ವಾ?" ಎಂದು ಕೇಳಿದ, ಆದರೆ ಮೊದಲಿನ ಬಿರುಸು ಇರಲಿಲ್ಲ. ಮೆಡಿಕಲ್ ಶಾಪಿನ ಯಜಮಾನರು ಅರ್ಜಿಯನ್ನು ಎರಡು ಸಲ ಓದಿ, "ಅದು ಜೋಡಿ ಜಾಗ ಅಲ್ವಾ? ಇಬ್ಬರದ್ದು?" ಎಂದು ಕೇಳಿದರು. ಹೌದು ಎಂದಳು. ಅವರು ಜೇಬಿನಿಂದ ಪೆನ್ನು ತೆಗೆದು ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಉಳಿದವರು ಹಿಂದೆ ಬೀಳಲಿಲ್ಲ. ಚರ್ಚಿನ ಕಡೆಯಿಂದ ಎಲ್ಲವೂ ಆ ಹೊತ್ತಿಗೇ ಮುಗಿಯಿತು. ಉಳಿದದ್ದು ಸರ್ಕಾರಿ ಕಚೇರಿಯ ಅನುಮತಿ. ಅದು ಎಂದು ಬರುತ್ತದೆ ಎಂದು ಅಲ್ಲಿ ಯಾರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಪಾದ್ರಿಗಳು ತಾವೇ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಇನ್ನೂ ಇಲ್ಲ ಎಂದು ಕೈ ಅಲ್ಲಾಡಿಸುತ್ತಿದ್ದರು.

ಕಲ್ಲಕ್ಕನ ಭಯ ಈಗ ಅಲ್ಲಿಗೆ ಸರಿದಿತ್ತು. ಕಾಗದ ಬರುವ ಮೊದಲೇ ಅಮ್ಮ ಹೋದರೆ? ಒಂದು ದಿನ ತಡೆಯಲಾರದೆ ಅಮ್ಮನಿಗೇ ಹೇಳಿದಳು.

"ಹೋದ್ರೆ ಹೋದೆ," ಎಂದಳು ಅಮ್ಮ. "ಮೊದಲು ಹೋಗಿ ಜಾಗ ಹಿಡಿದಿರ್ತೀನಿ. ಬಸ್ಸಲ್ಲಿ ಟವೆಲ್ ಹಾಕಿದ ಹಾಗೆ. ಅವರು ಆಮೇಲೆ ಬರಲಿ."

ಜೋಡಿ ಕಲ್ಲನ್ನು ಎಬ್ಬಿಸಲು ಮಾತ್ರ ಯಾವ ಅನುಮತಿಯೂ ಬೇಕಿರಲಿಲ್ಲ. ನಾಲ್ಕು ಜನ ಅದನ್ನು ಗಾಡಿಗೆ ಹೇರಿ ತಂದು, ಅಮ್ಮ ಮಲಗಿದಲ್ಲಿಂದಲೇ ಕಾಣುವಂತೆ ಕಿಟಕಿಯ ಎದುರಿನ ಗೋಡೆಗೆ ಒರಗಿಸಿದರು. ನಾಲ್ವರಲ್ಲಿ ಒಬ್ಬ ಅಣ್ಣ. ಕರೆಯದೆಯೇ ಬಂದಿದ್ದ. ಕಲ್ಲಕ್ಕನ ಮುಖ ನೋಡದೆ, "ಬುಡದಲ್ಲಿ ಸೀಳು ಬಿಟ್ಟಿದೆ. ಹೊಸ ಜಾಗದಲ್ಲಿ ಕೆಳಗೆ ಕಾಂಕ್ರೀಟ್ ಹಾಕಿಸ್ತೀನಿ," ಎಂದು ಹೇಳಿ ಹೋದ.

ಅಮ್ಮ ಕಲ್ಲನ್ನು ಬಹಳ ಹೊತ್ತು ನೋಡಿದಳು. "ಧೂಳು ಕೂತಿದೆ ನನ್ನ ಕಡೆ," ಎಂದಳು. ಕಲ್ಲಕ್ಕ ಒರೆಸಿದಳು.

"ಹೆಸರು ಈಗ್ಲೇ ಕೆತ್ತು. ನೋಡ್ತೀನಿ."

"ವರ್ಷ?" ಕಲ್ಲಕ್ಕ ಕೇಳಿದಳು. ಕೆಲವರು ಮೊದಲ ಎರಡು ಅಂಕೆಗಳನ್ನು ಮುಂಚೆಯೇ ಕೆತ್ತಿಸಿ ಇಟ್ಟುಕೊಳ್ಳುವುದುಂಟು. ಆಮೇಲಿನ ಕೆಲಸ ಹಗುರ.

"ವರ್ಷ ಬೇಡ. ಗೊತ್ತಿಲ್ದಿರೋ ವರ್ಷ ಕೆತ್ತಬೇಡ. ಊರವರು ಜಗಳ ಆಡ್ತಾರೆ."

ಕಲ್ಲಕ್ಕ ಮೊದಲು ಫಲಕದ ಕೆಲಸ ಮುಗಿಸಿದಳು. 1825 ಕೆತ್ತಿ, ಸುತ್ತಲೂ ಎರಡು ಗೆರೆಯ ಅಂಚು ಹೊಡೆದು, ಕೆಂಪು ತುಂಬಿದಳು. ಆಮೇಲೆ ಜೋಡಿ ಕಲ್ಲಿನ ಎಡಭಾಗಕ್ಕೆ ಸೀಸದ ಕಡ್ಡಿಯಲ್ಲಿ ಅಮ್ಮನ ಹೆಸರು ಬರೆದು, ಅಪ್ಪನ ಅಕ್ಷರಗಳ ಎತ್ತರಕ್ಕೆ ಸರಿಹೊಂದಿದೆಯೇ ಎಂದು ದಾರ ಹಿಡಿದು ನೋಡಿ, ಗ್ರೈಂಡರ್ ಹಾಕಿದಳು. ಮೊದಲ ಅಕ್ಷರದ ತಲೆಕಟ್ಟು ಮುಗಿಯುತ್ತಿದ್ದಂತೆ ಮಿಷಿನ್ ನಿಲ್ಲಿಸಿದಳು. ಧೂಳು ಇಳಿಯಿತು. ಚಮಚದ ಸದ್ದಿಲ್ಲ, ಉಸಿರಿನ ಸದ್ದೂ ಕೇಳಿಸಲಿಲ್ಲ. ಅವಳು ಕಾದಳು, ಎದ್ದಳು, ಕೈಯಲ್ಲಿದ್ದ ಮಿಷಿನ್ನನ್ನು ಕೆಳಗಿಡುವುದನ್ನೂ ಮರೆತು ಕಿಟಕಿಯ ಬಳಿ ಹೋದಳು.

ಅಮ್ಮನ ಕಣ್ಣು ತೆರೆದೇ ಇತ್ತು. ಕಲ್ಲಿನ ಕಡೆಯೇ ನೋಡುತ್ತಿದ್ದಳು.

"ಇದ್ದೀನಿ ಕಣೇ," ಎಂದಳು. "ಮಿಷಿನ್ ಹಾಕು."